ಪೆಟ್ಟಿಗೆಯ ಮೇಲೊಂದು ಅಂಕಿ, ಪರದೆಯ ಮೇಲೊಂದು ಅಂಕಿ

ಕಳೆದ ಕೆಲವು ವಾರಗಳಲ್ಲಿ ಬಂದ ಪತ್ರಗಳನ್ನು ಒಂದೆಡೆ ಇಟ್ಟು ಓದಿದಾಗ, ಅವುಗಳಲ್ಲಿ ಹೆಚ್ಚಿನವು ಒಂದೇ ಬಗೆಯ ದೂರನ್ನು ಹೇಳುತ್ತಿರುವುದು ಕಂಡಿತು: ಕೊಳ್ಳುವಾಗ ಓದಿದ ಅಂಕಿ ಒಂದು, ಬಳಸುವಾಗ ಸಿಕ್ಕ ಅಂಕಿ ಇನ್ನೊಂದು. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಅಂಕಿಗಳಿಗೇ ಮೀಸಲಿಟ್ಟಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಇವುಗಳಲ್ಲಿ ಹೆಚ್ಚಿನ ಅಂಕಿಗಳು ಸುಳ್ಳಲ್ಲ; ಎಲ್ಲಿ ನಿಂತು, ಯಾವ ಕೋಲು ಹಿಡಿದು ಅಳೆದರು ಎಂಬುದನ್ನು ಮಾತ್ರ ಯಾರೂ ನಮಗೆ ಹೇಳಿರುವುದಿಲ್ಲ.

ಪ್ರಶ್ನೆ: ನನ್ನ ಫೋನಿನ ಬ್ಯಾಟರಿ 5,000 ಎಂಎಎಚ್‌ನದು. ಎರಡು ಸಲ ಪೂರ್ತಿ ಚಾರ್ಜ್ ಆಗಲೆಂದು ಲೆಕ್ಕ ಹಾಕಿ 10,000 ಎಂಎಎಚ್‌ನ ಪವರ್ ಬ್ಯಾಂಕ್ ಕೊಂಡೆ. ಅದು ಒಂದೂವರೆ ಸಲಕ್ಕೇ ಖಾಲಿಯಾಗುತ್ತದೆ. ನನಗೆ ಕಳಪೆ ಮಾಲು ಸಿಕ್ಕಿತೇ?

ಉತ್ತರ: ಇಲ್ಲ, ನಿಮಗೆ ಸಿಕ್ಕಿರುವುದು ಪ್ರಾಮಾಣಿಕವಾದ ಪವರ್ ಬ್ಯಾಂಕ್ ಎಂದೇ ನನಗೆ ಅನ್ನಿಸುತ್ತದೆ. ಒಂದೂವರೆ ಸಲ ಎಂಬುದು ಸರಿಯಾದ ಲೆಕ್ಕ. ಎಂಎಎಚ್ (ಮಿಲಿಆಂಪಿಯರ್-ಅವರ್) ಎಂಬುದು ವಿದ್ಯುದಾವೇಶದ ಅಳತೆ, ಶಕ್ತಿಯ ಅಳತೆಯಲ್ಲ. ತೊಟ್ಟಿಯಲ್ಲಿ ಎಷ್ಟು ಕೊಡ ನೀರಿದೆ ಎಂಬುದನ್ನು ಅದು ಹೇಳುತ್ತದೆಯೇ ಹೊರತು ಆ ನೀರು ಎಷ್ಟು ಎತ್ತರದಿಂದ ಬೀಳುತ್ತದೆ ಎಂಬುದನ್ನು ಹೇಳುವುದಿಲ್ಲ. ಆ ಎತ್ತರವೇ ವೋಲ್ಟೇಜ್. ಪವರ್ ಬ್ಯಾಂಕಿನ ಒಳಗಿರುವ ಲಿಥಿಯಂ ಕೋಶಗಳು ಸರಾಸರಿ 3.7 ವೋಲ್ಟ್‌ನಲ್ಲಿ ಕೆಲಸ ಮಾಡುತ್ತವೆ, ಪೆಟ್ಟಿಗೆಯ ಮೇಲಿನ 10,000 ಎಂಬುದು ಆ ಕೋಶಗಳ ಮಟ್ಟದಲ್ಲಿ ಅಳೆದ ಅಂಕಿ. ಆದರೆ ನೀವು ಕೇಬಲ್ ಸಿಕ್ಕಿಸುವ ಯುಎಸ್‌ಬಿ ಕಿಂಡಿಯಿಂದ ವಿದ್ಯುತ್ತು ಹೊರಬರುವುದು 5 ವೋಲ್ಟ್‌ನಲ್ಲಿ. 3.7ರಿಂದ 10,000ವನ್ನು ಗುಣಿಸಿದರೆ 37,000 ಮಿಲಿವ್ಯಾಟ್-ಅವರ್, ಅಂದರೆ 37 ವ್ಯಾಟ್-ಅವರ್ ಶಕ್ತಿ ಸಿಗುತ್ತದೆ, ಅದನ್ನೇ 5 ವೋಲ್ಟ್‌ನ ಲೆಕ್ಕಕ್ಕೆ ತಿರುಗಿಸಿದರೆ 7,400 ಎಂಎಎಚ್ ಆಗುತ್ತದೆ. ವೋಲ್ಟೇಜ್ ಏರಿಸುವ ಮಂಡಲ ತನ್ನ ಪಾಲಿನದನ್ನು ಬಿಸಿಯ ರೂಪದಲ್ಲಿ ಕಳೆದ ಮೇಲೆ ಕಿಂಡಿಯ ಬಳಿ ಉಳಿಯುವುದು ಸುಮಾರು 6,300ರಿಂದ 6,600. ಅಲ್ಲಿಂದ ಫೋನಿನೊಳಗೆ ಹೋಗುವಾಗ ವೋಲ್ಟೇಜ್ ಮತ್ತೊಮ್ಮೆ ಇಳಿಯುತ್ತದೆ, ಅಲ್ಲಿಯೂ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. ಚಾರ್ಜ್ ಆಗುತ್ತಿರುವಾಗ ಎರಡೂ ಉಪಕರಣಗಳು ಬೆಚ್ಚಗಿರುವುದನ್ನು ನೀವು ಗಮನಿಸಿರಬಹುದು. ನೀವು ಹುಡುಕುತ್ತಿರುವ ಉಳಿದ ಅರ್ಧ ಚಾರ್ಜಿನ ಒಂದು ಭಾಗ ಆ ಬಿಸಿಯೇ.

ತಯಾರಕರು ಇದನ್ನು ಪೂರ್ತಿ ಮುಚ್ಚಿಟ್ಟಿಲ್ಲ. ಅನೇಕ ಪವರ್ ಬ್ಯಾಂಕ್‌ಗಳ ಬೆನ್ನಿನಲ್ಲಿ, ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರಗಳಲ್ಲಿ, ‘ರೇಟೆಡ್ ಕೆಪ್ಯಾಸಿಟಿ’ ಎಂದು ಇನ್ನೊಂದು ಅಂಕಿ ಇರುತ್ತದೆ, ಅದು ಕಿಂಡಿಯ ಬಳಿ ಅಳೆದದ್ದು. ಮುಂದಿನ ಸಲ ಕೊಳ್ಳುವಾಗ ಅದನ್ನೇ ನೋಡಿ, ಇಲ್ಲವೇ ವ್ಯಾಟ್-ಅವರ್ ಅಂಕಿಯನ್ನು ನೋಡಿ. ವ್ಯಾಟ್-ಅವರ್ ಶಕ್ತಿಯ ನೇರ ಅಳತೆಯಾದ್ದರಿಂದ ಅದರೊಂದಿಗೆ ಆಟವಾಡುವುದು ಕಷ್ಟ. ವಿಮಾನಯಾನ ನಿಯಮಗಳು ಎಂಎಎಚ್ ಅನ್ನು ಬದಿಗಿಟ್ಟು ವ್ಯಾಟ್-ಅವರ್ ಅನ್ನೇ ಕೇಳುವುದು ಇದೇ ಕಾರಣಕ್ಕೆ. ಸಾಮಾನ್ಯವಾಗಿ 100 ವ್ಯಾಟ್-ಅವರ್‌ವರೆಗಿನ ಪವರ್ ಬ್ಯಾಂಕನ್ನು ಪ್ರತ್ಯೇಕ ಅನುಮತಿಯಿಲ್ಲದೆ ಕೈಚೀಲದಲ್ಲಿ ಒಯ್ಯಬಹುದು, ಲಗೇಜಿನಲ್ಲಿ ಹಾಕುವಂತಿಲ್ಲ. 27,000 ಎಂಎಎಚ್ ಎಂಬ ವಿಚಿತ್ರ ಅಂಕಿಯ ಪವರ್ ಬ್ಯಾಂಕ್‌ಗಳನ್ನು ನೀವು ನೋಡಿದ್ದರೆ ಅದರ ಗುಟ್ಟೂ ಇಲ್ಲಿದೆ: 27,000ವನ್ನು 3.7ರಿಂದ ಗುಣಿಸಿದರೆ 99.9 ವ್ಯಾಟ್-ಅವರ್ ಆಗುತ್ತದೆ.

ಪ್ರಶ್ನೆ: ಒಂದು ಟಿಬಿಯ ಹಾರ್ಡ್ ಡಿಸ್ಕ್ ಕೊಂಡು ಕಂಪ್ಯೂಟರಿಗೆ ಜೋಡಿಸಿದರೆ 931 ಜಿಬಿ ಎಂದು ತೋರಿಸುತ್ತದೆ. ಒಂದು ಕಡತವನ್ನೂ ಹಾಕದಿರುವಾಗಲೇ 69 ಜಿಬಿ ಎಲ್ಲಿ ಹೋಯಿತು?

ಉತ್ತರ: ಎಲ್ಲಿಗೂ ಹೋಗಿಲ್ಲ. ಒಂದೇ ನಿವೇಶನವನ್ನು ಎರಡು ಬೇರೆ ಬೇರೆ ಉದ್ದದ ಕೋಲುಗಳಿಂದ ಅಳೆದಿದ್ದಾರೆ, ಎರಡು ಕೋಲುಗಳಿಗೂ ಒಂದೇ ಹೆಸರಿದೆ. ಡಿಸ್ಕ್ ತಯಾರಕರು ಕಿಲೋ ಎಂದರೆ 1,000 ಎಂಬ ಲೆಕ್ಕವನ್ನೇ ಹಿಡಿಯುತ್ತಾರೆ. ಕಂಪ್ಯೂಟರಿನ ಒಳಗೆ ಎಲ್ಲವೂ ಎರಡರ ಘಾತಗಳಲ್ಲಿ ನಡೆಯುವುದರಿಂದ, ಹಳೆಯ ತಂತ್ರಜ್ಞರು 1,000ಕ್ಕೆ ಬಹಳ ಹತ್ತಿರವಿದ್ದ 1,024ಕ್ಕೂ ಕಿಲೋ ಎಂದೇ ಕರೆಯುವ ರೂಢಿ ಮಾಡಿಕೊಂಡರು. ಆಗ ವ್ಯತ್ಯಾಸ ಶೇ 2.4 ಮಾತ್ರವಾಗಿದ್ದರಿಂದ ಯಾರಿಗೂ ನೋಯಲಿಲ್ಲ. ಆದರೆ ಮೆಗಾ, ಗಿಗಾ, ಟೆರಾ ಎಂದು ಒಂದೊಂದು ಮೆಟ್ಟಿಲು ಏರಿದಂತೆಲ್ಲ ಆ ಸಣ್ಣ ವ್ಯತ್ಯಾಸ ಚಕ್ರಬಡ್ಡಿಯಂತೆ ಬೆಳೆಯುತ್ತದೆ: ಮೆಗಾದಲ್ಲಿ ಸುಮಾರು ಶೇ 5, ಗಿಗಾದಲ್ಲಿ ಶೇ 7ಕ್ಕೂ ಹೆಚ್ಚು, ಟೆರಾದಲ್ಲಿ ಸುಮಾರು ಶೇ 10. ವಿಂಡೋಸ್ ಇಂದಿಗೂ 1,024ರಿಂದಲೇ ಭಾಗಿಸಿ, ಬಂದ ಉತ್ತರದ ಮುಂದೆ ಜಿಬಿ ಎಂದು ಬರೆಯುತ್ತದೆ. ಆ್ಯಪಲ್‌ನ ಮ್ಯಾಕ್ ಕಂಪ್ಯೂಟರುಗಳು 2009ರಲ್ಲಿ 1,000ದ ಲೆಕ್ಕಕ್ಕೆ ಬದಲಾದವು, ಹಾಗಾಗಿ ನಿಮ್ಮ ಇದೇ ಡಿಸ್ಕನ್ನು ಮ್ಯಾಕ್‌ಗೆ ಜೋಡಿಸಿದರೆ ಒಂದು ಟಿಬಿ ಎಂದೇ ತೋರಿಸುತ್ತದೆ.

ಈ ಗೊಂದಲವನ್ನು ಬಗೆಹರಿಸಲು ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗವು 1998ರಲ್ಲೇ 1,024ರ ಲೆಕ್ಕಕ್ಕೆ ಕಿಬಿ, ಮೆಬಿ, ಗಿಬಿ ಎಂಬ ಬೇರೆ ಹೆಸರುಗಳನ್ನು ಕೊಟ್ಟಿತು. ಎಳೆ ಮಕ್ಕಳ ತೊದಲು ಮಾತಿನಂತೆ ಕೇಳಿಸುವ ಈ ಹೆಸರುಗಳು ಲಿನಕ್ಸ್ ಬಳಸುವವರ ವಲಯದಿಂದ ಆಚೆಗೆ ಹೆಚ್ಚು ಹಬ್ಬಲಿಲ್ಲ. ಹಬ್ಬಿದ್ದರೆ ನಿಮ್ಮ ಪರದೆಯಲ್ಲಿ 931 ಗಿಬಿಬೈಟ್ ಎಂದು ಬರುತ್ತಿತ್ತು, ನೀವು ಈ ಪತ್ರ ಬರೆಯುತ್ತಿರಲಿಲ್ಲ. ಜನರು ಸಾಮಾನ್ಯವಾಗಿ ಡಿಸ್ಕ್ ತಯಾರಕರನ್ನು ಬೈಯುತ್ತಾರೆ. ಈ ಒಂದು ವಿಷಯದಲ್ಲಿ ನಾನು ತಯಾರಕರ ಪರ. ತಮಾಷೆಯೆಂದರೆ ಫೋನಿನ ಪೆಟ್ಟಿಗೆಯ ಮೇಲೆ 8 ಜಿಬಿ ರ‍್ಯಾಮ್, 128 ಜಿಬಿ ಸ್ಟೋರೇಜ್ ಎಂದು ಅಕ್ಕಪಕ್ಕದಲ್ಲೇ ಬರೆದಿರುತ್ತಾರಲ್ಲ, ಅಲ್ಲಿ ಮೊದಲ ಜಿಬಿ 1,024ರ ಲೆಕ್ಕದ್ದು, ಎರಡನೆಯದು 1,000ದ ಲೆಕ್ಕದ್ದು.

ಪ್ರಶ್ನೆ: ನಮ್ಮ ಮನೆಯ ಇಂಟರ್ನೆಟ್ ಸಂಪರ್ಕ 100 ಎಂಬಿಪಿಎಸ್ ಎಂದು ಹೇಳಿ ಕೊಟ್ಟಿದ್ದಾರೆ. ಕಡತ ಇಳಿಸಿಕೊಳ್ಳುವಾಗ ಸೆಕೆಂಡಿಗೆ 11 ಎಂಬಿ ದಾಟುವುದೇ ಇಲ್ಲ. ಒಳಕೋಣೆಯಲ್ಲಿ ಕುಳಿತರೆ ಮೂರಕ್ಕೆ ಇಳಿಯುತ್ತದೆ. ದೂರು ಕೊಡಬಹುದೇ?

ಉತ್ತರ: ಹನ್ನೊಂದರ ಬಗ್ಗೆ ದೂರು ಬೇಡ, ಮೂರರ ಬಗ್ಗೆ ದೂರು ಕೊಡುವುದಾದರೆ ಗೋಡೆಯ ಮೇಲೆ ಕೊಡಬೇಕಾಗುತ್ತದೆ. ಸಂಪರ್ಕದ ವೇಗವನ್ನು ಮೆಗಾಬಿಟ್‌ಗಳಲ್ಲಿ ಹೇಳುತ್ತಾರೆ, ಕಡತದ ಗಾತ್ರವನ್ನು ಮೆಗಾಬೈಟ್‌ಗಳಲ್ಲಿ ಹೇಳುತ್ತಾರೆ, ಎಂಟು ಬಿಟ್ ಸೇರಿದರೆ ಒಂದು ಬೈಟ್. ನೂರನ್ನು ಎಂಟರಿಂದ ಭಾಗಿಸಿದರೆ 12.5 ಬರುತ್ತದೆ, ದತ್ತಾಂಶದ ಪ್ರತಿ ತುಣುಕಿಗೂ ವಿಳಾಸದ ಚೀಟಿ ಅಂಟಿಸಿ ಕಳುಹಿಸುವ ವೆಚ್ಚವನ್ನು ಅದರಲ್ಲಿ ಕಳೆದರೆ ನಿಮಗೆ ಸಿಗುತ್ತಿರುವ ಹನ್ನೊಂದು ನ್ಯಾಯವಾದ ಅಂಕಿಯೇ. ಇಂಗ್ಲಿಷಿನಲ್ಲಿ ಬರೆಯುವಾಗ ಸಣ್ಣ ‘ಬಿ’ ಬಿಟ್‌ಗೂ ದೊಡ್ಡ ‘ಬಿ’ ಬೈಟ್‌ಗೂ ಮೀಸಲು ಎಂಬ ಒಪ್ಪಂದವಿದೆ. ಕನ್ನಡದ ಲಿಪಿಯಲ್ಲಿ ಸಣ್ಣಕ್ಷರ ದೊಡ್ಡಕ್ಷರಗಳ ಭೇದವೇ ಇಲ್ಲದಿರುವುದರಿಂದ ‘ಎಂಬಿ’ ಎಂದು ಬರೆದಾಗ ಆ ಒಂದೇ ಸುಳಿವೂ ಅಳಿಸಿಹೋಗುತ್ತದೆ. ನಾವು ಬರೆಯುವವರು ಮೆಗಾಬಿಟ್, ಮೆಗಾಬೈಟ್ ಎಂದು ಪೂರ್ತಿಯಾಗಿ ಬರೆಯುವ ಶ್ರಮ ತೆಗೆದುಕೊಳ್ಳಬೇಕು. ನಾನೂ ಈ ಅಂಕಣದಲ್ಲಿ ಎಷ್ಟೋ ಸಲ ಆ ಸೋಮಾರಿತನ ಮಾಡಿದ್ದೇನೆ.

ಇನ್ನು ಒಳಕೋಣೆಯ ವಿಷಯ. ವೈಫೈ ಎರಡು ಮುಖ್ಯ ತರಂಗಪಟ್ಟಿಗಳಲ್ಲಿ ಕೆಲಸ ಮಾಡುತ್ತದೆ. 5 ಗಿಗಾಹರ್ಟ್ಸ್‌ನದು ವೇಗವಾದದ್ದು, ಆದರೆ ಗೋಡೆ ಅಡ್ಡ ಬಂದರೆ ಬೇಗ ಸೊರಗುತ್ತದೆ. 2.4 ಗಿಗಾಹರ್ಟ್ಸ್‌ನದು ಗೋಡೆಗಳನ್ನು ಹಾಯ್ದು ದೂರ ಹೋಗುತ್ತದೆ, ಆದರೆ ಅಲ್ಲಿ ಅಕ್ಕಪಕ್ಕದ ಮನೆಗಳ ರೂಟರುಗಳು, ಬ್ಲೂಟೂತ್ ಉಪಕರಣಗಳು, ಮೈಕ್ರೋವೇವ್ ಒಲೆ ಎಲ್ಲವೂ ಸೇರಿ ಸಂತೆಯ ಗದ್ದಲವಿರುತ್ತದೆ. ರೂಟರಿನ ಪೆಟ್ಟಿಗೆಯ ಮೇಲೆ 1,200 ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ 2.4ರ ಪಟ್ಟಿಯ 300 ಮತ್ತು 5ರ ಪಟ್ಟಿಯ 867 ಇವೆರಡನ್ನೂ ಕೂಡಿಸಿ, ಬಂದ ಮೊತ್ತವನ್ನು ಉದಾರವಾಗಿ ಮೇಲಕ್ಕೆ ಪೂರ್ಣಗೊಳಿಸಿದ ಅಂಕಿ. ಹೆಚ್ಚಿನ ಫೋನುಗಳು ಒಂದು ಹೊತ್ತಿಗೆ ಒಂದೇ ಪಟ್ಟಿಗೆ ಅಂಟಿಕೊಳ್ಳುವುದರಿಂದ ಆ ಮೊತ್ತ ಯಾವ ಫೋನಿಗೂ ಸಿಗುವಂಥದ್ದಲ್ಲ. ಆದ್ದರಿಂದ ದೂರು ಕೊಡುವ ಮೊದಲು ಕಂಪ್ಯೂಟರನ್ನು ರೂಟರಿಗೆ ಕೇಬಲಿನಿಂದಲೇ ಜೋಡಿಸಿ ವೇಗ ಪರೀಕ್ಷಿಸಿ. ಅಲ್ಲಿ 90ಕ್ಕೂ ಹೆಚ್ಚು ಮೆಗಾಬಿಟ್ ಬಂದರೆ ಸೇವೆ ಕೊಡುವವರ ತಪ್ಪಿಲ್ಲ, ರೂಟರನ್ನು ಮನೆಯ ನಡುವಿಗೆ, ಸ್ವಲ್ಪ ಎತ್ತರಕ್ಕೆ ಸರಿಸುವುದೇ ಪರಿಹಾರ.

ಇದೇ ಸಂದರ್ಭದಲ್ಲಿ ಇನ್ನೊಬ್ಬ ಓದುಗರ ಪತ್ರಕ್ಕೂ ಉತ್ತರಿಸಿಬಿಡುತ್ತೇನೆ. ಅವರು 300 ಮೆಗಾಬಿಟ್‌ನ ಸಂಪರ್ಕ ಪಡೆದಿದ್ದಾರೆ, ಕೇಬಲ್ ಹಾಕಿ ಪರೀಕ್ಷಿಸಿದರೂ ಪ್ರತಿ ಸಲವೂ 94ಕ್ಕೇ ನಿಲ್ಲುತ್ತದೆ ಎಂದು ಬರೆದಿದ್ದಾರೆ. ಹೀಗೆ ಪ್ರತಿ ಸಲವೂ ಒಂದೇ ಅಂಕಿಗೆ, ಅದೂ 94ರ ಆಸುಪಾಸಿಗೆ ನಿಂತರೆ, ದಾರಿಯಲ್ಲಿ ಎಲ್ಲೋ 100 ಮೆಗಾಬಿಟ್ ಮಿತಿಯ ಹಳೆಯ ಕಿಂಡಿಯೋ ಹಾಳಾದ ಕೇಬಲೋ ಇದೆ ಎಂದೇ ಅರ್ಥ. ನೆಟ್‌ವರ್ಕ್ ಕೇಬಲಿನೊಳಗೆ ನಾಲ್ಕು ಜೊತೆ ತಂತಿಗಳಿರುತ್ತವೆ. 100ಕ್ಕೆ ಎರಡು ಜೊತೆ ಸಾಕು, 1,000ಕ್ಕೆ ನಾಲ್ಕೂ ಬೇಕು. ಒಂದು ತಂತಿ ಸಡಿಲವಾದರೂ ಉಪಕರಣಗಳು ಸದ್ದಿಲ್ಲದೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ, ಯಾವ ಎಚ್ಚರಿಕೆಯೂ ಪರದೆಯ ಮೇಲೆ ಬರುವುದಿಲ್ಲ. ಕೇಬಲ್ ಬದಲಾಯಿಸಿ ನೋಡಿ.

ಪ್ರಶ್ನೆ: ಮೂರು ವರ್ಷ ಹಳೆಯದಾದ ನನ್ನ ಫೋನ್ ಶೇ 18 ಎಂದು ತೋರಿಸುತ್ತಿರುವಾಗಲೇ ತಟ್ಟನೆ ಆರಿಹೋಗುತ್ತದೆ. ಚಾರ್ಜರಿಗೆ ಹಾಕಿದ ಕೂಡಲೇ ಮತ್ತೆ ಶೇ 15 ಎನ್ನುತ್ತದೆ. ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಬೇಕು ಎಂಬ ಹಿರಿಯರ ಮಾತನ್ನು ಪಾಲಿಸದೆ ಹೀಗಾಯಿತೇ?

ಉತ್ತರ: ಹಿರಿಯರ ಮಾತು ಅವರ ಕಾಲದ ಬ್ಯಾಟರಿಗೆ ಸರಿಯಾಗಿತ್ತು. ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳನ್ನು ಅರ್ಧಕ್ಕೇ ಚಾರ್ಜ್ ಮಾಡುತ್ತ ಬಂದರೆ ಅವು ಆ ಅರ್ಧವನ್ನೇ ತಮ್ಮ ತಳವೆಂದು ತಿಳಿದಂತೆ ವರ್ತಿಸುತ್ತಿದ್ದವು. 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ, ಇಂದು ಎಲ್ಲ ಫೋನುಗಳಲ್ಲೂ ಇರುವ ಲಿಥಿಯಂ-ಅಯಾನ್ ಬ್ಯಾಟರಿಗೆ ಆ ರೋಗವಿಲ್ಲ. ಅದಕ್ಕೆ ಪೂರ್ತಿ ಖಾಲಿಯಾಗುವುದೂ ಪೂರ್ತಿ ತುಂಬಿ ಬಿಸಿಯಲ್ಲಿ ಕೂರುವುದೂ ಎರಡೂ ಕೆಡುಕೇ.

ನಿಮ್ಮ ತೊಂದರೆಗೆ ಕಾರಣ ಬೇರೆ. ಶೇಕಡಾ ಅಂಕಿ ಅಳತೆಯಲ್ಲ, ಅಂದಾಜು. ಪೆಟ್ರೋಲ್ ಟ್ಯಾಂಕಿನೊಳಗೆ ತೇಲುವ ಬುರುಡೆ ಇರುವಂತೆ ಬ್ಯಾಟರಿಯೊಳಗೆ ಮಟ್ಟ ತೋರಿಸುವ ಸಾಧನವಿಲ್ಲ. ಒಳಹೋದ ಮತ್ತು ಹೊರಬಂದ ವಿದ್ಯುತ್ತನ್ನು ಒಂದು ಸಣ್ಣ ಚಿಪ್ ಕೂಡಿಸಿ ಕಳೆಯುತ್ತ ಇರುತ್ತದೆ, ಜೊತೆಗೆ ವೋಲ್ಟೇಜನ್ನೂ ನೋಡುತ್ತದೆ; ಆದರೆ ಲಿಥಿಯಂ ಬ್ಯಾಟರಿಯ ವೋಲ್ಟೇಜ್ ನಡುವಿನ ಬಹುಭಾಗದಲ್ಲಿ ಹೆಚ್ಚು ಬದಲಾಗದೆ ಸಾಗಿ ಕೊನೆಯಲ್ಲಿ ಕಡಿದಾಗಿ ಬೀಳುವುದರಿಂದ, ಅದನ್ನು ನೋಡಿ ಮಟ್ಟ ಹೇಳುವುದು ಸುಲಭವಲ್ಲ. ಬ್ಯಾಟರಿಗೆ ವಯಸ್ಸಾದಂತೆ ಅದರ ಸಾಮರ್ಥ್ಯ ಕುಗ್ಗುವುದಷ್ಟೇ ಅಲ್ಲದೆ ಅದರ ಒಳರೋಧವೂ, ಅಂದರೆ ವಿದ್ಯುತ್ತಿನ ಹರಿವಿಗೆ ಒಳಗೇ ಇರುವ ತಡೆಯೂ, ಹೆಚ್ಚುತ್ತದೆ. ಆಗ ಕ್ಯಾಮೆರಾ ತೆರೆದಾಗಲೋ ಆಟ ಶುರುವಾದಾಗಲೋ ಫೋನ್ ಒಮ್ಮೆಲೇ ಹೆಚ್ಚು ವಿದ್ಯುತ್ತು ಕೇಳಿದರೆ ವೋಲ್ಟೇಜ್ ಕುಸಿದು, ಒಳಗೆ ಇನ್ನೂ ಚಾರ್ಜ್ ಉಳಿದಿದ್ದರೂ, ಫೋನ್ ತನ್ನನ್ನು ಕಾಪಾಡಿಕೊಳ್ಳಲು ಆರಿಹೋಗುತ್ತದೆ. ಚಾರ್ಜರ್ ಹಾಕಿದ ಕೂಡಲೇ ಶೇ 15 ಕಾಣಿಸುವುದು ಆ ಉಳಿದ ಚಾರ್ಜೇ. ಚಳಿಯಲ್ಲಿ ಇದು ಇನ್ನೂ ಹೆಚ್ಚು. ಹಳೆಯ ಐಫೋನ್‌ಗಳು ಹೀಗೆ ಆರದಂತೆ ತಾನು ಅವುಗಳ ವೇಗವನ್ನು ತಗ್ಗಿಸುತ್ತಿರುವುದಾಗಿ ಆ್ಯಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಾಗ ದೊಡ್ಡ ಗಲಾಟೆಯಾಗಿತ್ತು. ತಂತ್ರ ತಪ್ಪಾಗಿರಲಿಲ್ಲ, ಬಳಸುವವರಿಗೆ ಹೇಳದೆ ಮಾಡಿದ್ದು ತಪ್ಪಾಗಿತ್ತು. ಮರುವರ್ಷ ಬ್ಯಾಟರಿಯ ಆರೋಗ್ಯವನ್ನು ಶೇಕಡಾ ಲೆಕ್ಕದಲ್ಲಿ ತೋರಿಸುವ ಪುಟ ಆ ಫೋನುಗಳಿಗೆ ಬಂದದ್ದು ಆ ಗಲಾಟೆಯ ಫಲ.

ನೀವು ಒಮ್ಮೆ ಮಾತ್ರ ಫೋನನ್ನು ಪೂರ್ತಿ ಖಾಲಿಯಾಗಲು ಬಿಟ್ಟು, ತಡೆಯಿಲ್ಲದೆ ಪೂರ್ತಿ ಚಾರ್ಜ್ ಮಾಡಿ ನೋಡಿ. ಇದರಿಂದ ಬ್ಯಾಟರಿ ಸುಧಾರಿಸುವುದಿಲ್ಲ, ಚಿಪ್‌ನ ಅಂದಾಜು ಸುಧಾರಿಸಬಹುದು. ಆಮೇಲೂ ಹಾಗೆಯೇ ಆದರೆ ಬ್ಯಾಟರಿ ಬದಲಾಯಿಸಿ, ಫೋನನ್ನಲ್ಲ. ಐರೋಪ್ಯ ಒಕ್ಕೂಟವು 2025ರ ಜೂನ್‌ನಿಂದ ಜಾರಿಗೆ ತಂದ ನಿಯಮದ ಪ್ರಕಾರ ಅಲ್ಲಿ ಮಾರುವ ಹೊಸ ಫೋನುಗಳ ಬ್ಯಾಟರಿಗಳು 800 ಸಲ ಚಾರ್ಜ್ ಆದ ಮೇಲೂ ಮೊದಲಿನ ಸಾಮರ್ಥ್ಯದ ಶೇ 80ರಷ್ಟನ್ನಾದರೂ ಉಳಿಸಿಕೊಂಡಿರಬೇಕು. ಹೊಸ ಬ್ಯಾಟರಿಯ ಆಯುಸ್ಸು ಹೆಚ್ಚಬೇಕಾದರೆ ಶೇ 80ಕ್ಕೆ ಚಾರ್ಜಿಂಗ್ ನಿಲ್ಲಿಸುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದ್ದರೆ ಅದನ್ನು ಬಳಸಿ, ದಿಂಬಿನ ಕೆಳಗಿಟ್ಟು ಚಾರ್ಜ್ ಮಾಡುವುದನ್ನು ಬಿಡಿ.

ಪ್ರಶ್ನೆ: 108 ಮೆಗಾಪಿಕ್ಸೆಲ್ ಕ್ಯಾಮೆರಾ ಎಂದು ಕೊಂಡ ಫೋನಿನಲ್ಲಿ ತೆಗೆದ ಚಿತ್ರಗಳೆಲ್ಲ 12 ಮೆಗಾಪಿಕ್ಸೆಲ್‌ನವೇ ಆಗಿವೆ. ಏಕೆ?

ಉತ್ತರ: ಕ್ಯಾಮೆರಾದೊಳಗೆ ಬೆಳಕನ್ನು ಹಿಡಿಯುವ ಸಂವೇದಕದ ಮೇಲಿನ ಒಂಬತ್ತು ಪುಟ್ಟ ಪಿಕ್ಸೆಲ್‌ಗಳನ್ನು ಸೇರಿಸಿ ಒಂದನ್ನಾಗಿ ಓದುವುದರಿಂದ, 108ನ್ನು ಒಂಬತ್ತರಿಂದ ಭಾಗಿಸಿದರೆ 12. ಕಡಿಮೆ ಬೆಳಕಿನಲ್ಲಿ ಹೀಗೆ ಸೇರಿಸಿ ಓದಿದ ಚಿತ್ರವೇ ಚೆನ್ನಾಗಿರುತ್ತದೆ. 12 ಮೆಗಾಪಿಕ್ಸೆಲ್ ಎಂದರೆ 4,000 ಅಡ್ಡ, 3,000 ಉದ್ದ, ಇಂಚಿಗೆ 300 ಚುಕ್ಕೆಗಳಂತೆ ಮುದ್ರಿಸಿದರೂ 13 ಇಂಚು ಅಗಲದ ಚಿತ್ರಕ್ಕೆ ಅದು ಸಾಕು. ಈ ಅಂಕಣದಲ್ಲಿ ಚರ್ಚಿಸಿದ ಅಂಕಿಗಳಲ್ಲಿ ಕೊಳ್ಳುವವರಿಗೆ ಅತ್ಯಂತ ನಿರುಪಯುಕ್ತವಾದದ್ದು ಇದೇ ಎಂದು ನನ್ನ ಅಭಿಪ್ರಾಯ. ಸಂವೇದಕದ ಗಾತ್ರ ಎಷ್ಟು ಎಂದು ಕೇಳಿ.

ಪ್ರಶ್ನೆ: ಖಾತೆಗಳಿಗೆ ಪ್ರವೇಶಿಸಲು ದೃಢೀಕರಣ ಆ್ಯಪ್ ಬಳಸುತ್ತೇನೆ. ಅದು ಅರ್ಧ ನಿಮಿಷಕ್ಕೊಮ್ಮೆ ಆರಂಕಿಯ ಹೊಸ ಸಂಖ್ಯೆ ತೋರಿಸುತ್ತದೆ. ಫೋನಿನಲ್ಲಿ ಇಂಟರ್ನೆಟ್ ಇಲ್ಲದಿದ್ದಾಗಲೂ ಆ ಸಂಖ್ಯೆ ಸರಿಯಾಗಿಯೇ ಇರುತ್ತದೆ. ಯಾರೂ ಕಳುಹಿಸದ ಸಂಖ್ಯೆ ಅದಕ್ಕೆ ಹೇಗೆ ಗೊತ್ತಾಗುತ್ತದೆ?

ಉತ್ತರ: ಈ ವಾರದ ಪತ್ರಗಳಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಪ್ರಶ್ನೆ ಇದು. ಎಸ್ಸೆಮ್ಮೆಸ್‌ನಲ್ಲಿ ಬರುವ ಒಟಿಪಿಯನ್ನು ಎದುರಿನವರು ಕಳುಹಿಸುತ್ತಾರೆ. ನಿಮ್ಮ ಆ್ಯಪ್‌ಗೆ ಯಾರೂ ಏನನ್ನೂ ಕಳುಹಿಸುವುದಿಲ್ಲ, ಎರಡೂ ಕಡೆಯವರು ಒಂದೇ ಲೆಕ್ಕವನ್ನು ಬೇರೆ ಬೇರೆಯಾಗಿ ಮಾಡುತ್ತಾರೆ. ಮೊದಲ ದಿನ ನೀವು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಿರಲ್ಲ, ಅದರೊಳಗೆ ಒಂದು ಉದ್ದನೆಯ ಗುಪ್ತ ಕೀಲಿ ಇತ್ತು. ಅದರ ಒಂದು ಪ್ರತಿ ನಿಮ್ಮ ಫೋನಿನಲ್ಲಿದೆ, ಇನ್ನೊಂದು ಪ್ರತಿ ಆ ಸೇವೆಯವರ ಬಳಿ ಇದೆ. ಎರಡೂ ಕಡೆ ಗಡಿಯಾರವೂ ಇದೆ. 1970ರ ಜನವರಿ 1ರಿಂದ ಈವರೆಗೆ ಎಷ್ಟು ಸೆಕೆಂಡುಗಳಾದವು ಎಂದು ಎಣಿಸಿ, ಅದನ್ನು 30ರಿಂದ ಭಾಗಿಸಿ, ಬಂದ ಪೂರ್ಣಾಂಕವನ್ನು ಗುಪ್ತ ಕೀಲಿಯೊಂದಿಗೆ ಬೆರೆಸಿ ಅರೆದು, ಆ ಮುದ್ದೆಯಿಂದ ಆರು ಅಂಕಿಗಳನ್ನು ಹಿಂಡಿ ತೆಗೆಯುತ್ತಾರೆ. ಕೀಲಿಯೂ ಸಮಯವೂ ಒಂದೇ ಆದ್ದರಿಂದ ಎರಡೂ ಕಡೆ ಒಂದೇ ಉತ್ತರ ಬರುತ್ತದೆ. ಹಿಂಡಿ ತೆಗೆದ ಆರಂಕಿಯನ್ನು ಕಂಡವರು ಅದರಿಂದ ಕೀಲಿಯನ್ನು ಮರಳಿ ಕಟ್ಟಲಾಗದು ಎಂಬುದು ಈ ಗಣಿತದ ಸೊಗಸು. 2011ರಲ್ಲಿ ಈ ವಿಧಾನ ಇಂಟರ್ನೆಟ್ಟಿನ ಮುಕ್ತ ಮಾನದಂಡವಾಗಿ ಪ್ರಕಟವಾದ್ದರಿಂದಲೇ ಒಬ್ಬರು ಮಾಡಿದ ಆ್ಯಪ್ ಇನ್ನೊಬ್ಬರ ಸೇವೆಗೂ ಕೆಲಸಕ್ಕೆ ಬರುತ್ತದೆ.

ಗಡಿಯಾರವೇ ಇದರ ಪ್ರಾಣವಾದ್ದರಿಂದ ಫೋನಿನ ಸಮಯ ತಪ್ಪಾಗಿದ್ದರೆ ಸಂಖ್ಯೆಯೂ ತಪ್ಪಾಗುತ್ತದೆ. ಒಮ್ಮೆ ಒಂದು ಆಟದಲ್ಲಿ ಮುಂದಿನ ದಿನದ ಬಹುಮಾನವನ್ನು ಇಂದೇ ಪಡೆಯುವ ಆಸೆಯಿಂದ ನಾನು ಫೋನಿನ ದಿನಾಂಕವನ್ನು ಮುಂದಕ್ಕೆ ತಿರುಗಿಸಿ ಮರೆತುಬಿಟ್ಟು, ಸಂಜೆಯವರೆಗೂ ಇಮೇಲ್ ಖಾತೆಗೆ ಪ್ರವೇಶ ಸಿಗದೆ ಒದ್ದಾಡಿದ್ದೆ. ಸಮಯವನ್ನು ತಾನಾಗಿಯೇ ಹೊಂದಿಸಿಕೊಳ್ಳುವ ಆಯ್ಕೆಯನ್ನು ಹಾಕಿಡಿ. ಇನ್ನೆರಡು ಎಚ್ಚರಿಕೆಗಳು ಬೇಕು. ಮೊದಲನೆಯದು, ಕೀಲಿ ಇರುವುದು ಫೋನಿನಲ್ಲಾದ್ದರಿಂದ ಫೋನ್ ಕಳೆದರೆ ಕೀಲಿಯೂ ಹೋಗಬಹುದು. ಖಾತೆಯವರು ಮೊದಲ ದಿನ ಕೊಡುವ ಮರುಪಡೆವ ಸಂಕೇತಗಳನ್ನು ಕಾಗದದಲ್ಲಿ ಬರೆದು ಫೋನಿನಿಂದ ದೂರ ಇಡಿ. ಎರಡನೆಯದು, ನಕಲಿ ಜಾಲತಾಣದಲ್ಲಿ ನೀವು ಈ ಸಂಖ್ಯೆಯನ್ನು ಟೈಪ್ ಮಾಡಿದರೆ ಮೋಸಗಾರ ಅದನ್ನು ಆ ಕ್ಷಣದಲ್ಲೇ ನಿಜವಾದ ತಾಣದಲ್ಲಿ ಬಳಸಬಲ್ಲ. ತಾಣದ ವಿಳಾಸವನ್ನೇ ಪರೀಕ್ಷಿಸಿ ನಕಲಿಗೆ ಉತ್ತರಿಸದಿರುವ ಗುಣ ‘ಪಾಸ್‌ಕೀ’ ಎಂಬ ಹೊಸ ವಿಧಾನಕ್ಕಿದೆ, ನಿಮ್ಮ ಖಾತೆಯಲ್ಲಿ ಆ ಆಯ್ಕೆ ಕಂಡರೆ ಹಿಂಜರಿಯದೆ ತೆಗೆದುಕೊಳ್ಳಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಒಂದು ಇಯರ್‌ಫೋನ್‌ಗೆ 38 ಜನ ಸೇರಿ ಸರಾಸರಿ 4.7 ತಾರೆ ಕೊಟ್ಟಿದ್ದಾರೆ, ಇನ್ನೊಂದಕ್ಕೆ 9,000 ಜನ ಸೇರಿ 4.4 ಕೊಟ್ಟಿದ್ದಾರೆ. ಯಾವುದನ್ನು ನಂಬಲಿ?

ಉತ್ತರ: ಎರಡನೆಯದನ್ನು. ಮೊದಲನೆಯದಕ್ಕೆ ನಾಳೆ ಐದು ಮಂದಿ ಸಿಟ್ಟಿನಿಂದ ಒಂದೊಂದೇ ತಾರೆ ಕೊಟ್ಟರೆ ಸರಾಸರಿ 4.7ರಿಂದ 4.3ಕ್ಕೆ ಇಳಿಯುತ್ತದೆ. ಅದೇ ಐದು ಮಂದಿ ಎರಡನೆಯದರ ಮೇಲೆ ಸಿಟ್ಟಾದರೆ ದಶಾಂಶದ ಎರಡನೆಯ ಸ್ಥಾನಕ್ಕೂ ಅದು ತಟ್ಟುವುದಿಲ್ಲ. ಆದರೆ ಸರಾಸರಿಯನ್ನು ಅಷ್ಟಾಗಿ ನೆಚ್ಚಿಕೊಳ್ಳಬೇಡಿ. ತುಂಬ ಮೆಚ್ಚಿದವರು ಮತ್ತು ತುಂಬ ನೊಂದವರು ಬರೆಯುತ್ತಾರೆ, ‘ಪರವಾಗಿಲ್ಲ’ ಎಂದುಕೊಂಡವರು ಬರೆಯುವ ಗೋಜಿಗೇ ಹೋಗುವುದಿಲ್ಲ. ನಾನು ಎರಡು ಮತ್ತು ಮೂರು ತಾರೆಗಳ ಅಭಿಪ್ರಾಯಗಳನ್ನು, ಅವುಗಳಲ್ಲೂ ಇತ್ತೀಚಿನವನ್ನು ಮೊದಲು ಓದುತ್ತೇನೆ. ‘ಆರು ತಿಂಗಳಾದ ಮೇಲೆ ಎಡಕಿವಿಯದು ನಿಂತುಹೋಯಿತು’ ಎಂಬಂಥ ಕೆಲಸಕ್ಕೆ ಬರುವ ಮಾತು ಸಿಗುವುದು ಅಲ್ಲಿಯೇ. ಇಯರ್‌ಫೋನಿನ ಪುಟದಲ್ಲಿ ಹಳೆಯ ಅಭಿಪ್ರಾಯಗಳು ಟಾರ್ಚಿನ ಬಗೆಗೋ ಚೀಲದ ಬಗೆಗೋ ಇದ್ದರೆ, ಹಳೆಯ ವಸ್ತುವಿನ ಪುಟಕ್ಕೆ ಹೊಸ ವಸ್ತುವನ್ನು ತಂದು ಕೂರಿಸಿ ಅದರ ತಾರೆಗಳನ್ನು ಕದ್ದಿದ್ದಾರೆ ಎಂದು ತಿಳಿಯಿರಿ.

ಪ್ರಶ್ನೆ: ಕಂಪ್ಯೂಟರಿನಲ್ಲಿ ಅಪ್‌ಡೇಟ್ ಆಗುವಾಗ ಶೇ 99ರವರೆಗೆ ಓಡೋಡಿ ಬಂದು, ಕೊನೆಯ ಒಂದಕ್ಕೆ ಹತ್ತು ನಿಮಿಷ ತೆಗೆದುಕೊಳ್ಳುತ್ತದಲ್ಲ, ಅದೇಕೆ?

ಉತ್ತರ: ಪರದೆಯ ಮೇಲೆ ತುಂಬುತ್ತ ಹೋಗುವ ಆ ಪಟ್ಟಿ ಅಳೆಯುತ್ತಿರುವುದು ಮುಗಿದ ಕೆಲಸಗಳ ಎಣಿಕೆಯನ್ನು, ಉಳಿದ ಸಮಯವನ್ನಲ್ಲ. ನೂರು ಕೆಲಸಗಳಲ್ಲಿ 99 ಕಡತ ನಕಲಿಸುವಂಥ ಸಣ್ಣವಿದ್ದು, ನೂರನೆಯದು ಎಲ್ಲವನ್ನೂ ಮತ್ತೆ ಪರಿಶೀಲಿಸಿ ಡಿಸ್ಕಿಗೆ ಬರೆದು ಮುಗಿಸುವ ದೊಡ್ಡ ಕೆಲಸವಾಗಿದ್ದರೂ ಎಣಿಕೆಯಲ್ಲಿ ಅದು ಒಂದೇ. ಬ್ರಾಡ್ ಮೈಯರ್ಸ್ ಎಂಬ ಸಂಶೋಧಕರು 1985ರಲ್ಲೇ, ಎಷ್ಟು ಮುಗಿಯಿತು ಎಂದು ತೋರಿಸುವ ಇಂಥ ಪಟ್ಟಿಯಿದ್ದರೆ ಜನರಿಗೆ ಕಾಯುವುದು ಹೆಚ್ಚು ಹಿತವೆನಿಸುತ್ತದೆ ಎಂದು ತೋರಿಸಿಕೊಟ್ಟಿದ್ದರು. ನಿಮ್ಮದು 99ರಲ್ಲಿ ನಿಂತಾಗ ಡಿಸ್ಕಿನ ದೀಪ ಮಿನುಗುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದೇ ಅರ್ಥ, ಆ ಹೊತ್ತಿನಲ್ಲಿ ಮಾತ್ರ ಪ್ಲಗ್ ಕೀಳಬೇಡಿ.